ಸದ್ದಿಲ್ಲದ ಗಾಡಿಯಲ್ಲಿ ಮಾದೇವಿ

ಚಿಕ್ಕಪಡಸಲಗಿಯಲ್ಲಿ ಮಾದೇವಿಗೆ ರೇಡಿಯೋ ಎಂದೇ ಹೆಸರು. ಬೆನ್ನ ಹಿಂದೆ ಅನ್ನುವ ಮಾತಲ್ಲ, ಮುಖದ ಎದುರಿಗೇ ಅನ್ನುತ್ತಾರೆ. ಅವಳೂ ನಗುತ್ತಾಳೆ. ಗಂಡ ಮುರಗೆಪ್ಪನ ಹಳೆಯ ಜೀಪಿನಲ್ಲಿ ಅವನ ಪಕ್ಕಕ್ಕೆ ಕೂತು ಜಮಖಂಡಿ ಸಂತೆಗೆ ಹೊರಟರೆ ಊರ ಅಗಸಿ ಬಾಗಿಲು ದಾಟುವುದರೊಳಗೆ ಮಾತು ಶುರುವಾಗುತ್ತಿತ್ತು. ಜೀಪು ಪೇಟೆಯಲ್ಲಿ ನಿಂತ ಮೇಲೇ ಅದು ನಿಲ್ಲುತ್ತಿತ್ತು.

"ಬಲಕ್ಕ ನೋಡ್ರಿ, ಎಮ್ಮಿ ನಿಂತೈತಿ, ಕೆಚ್ಚಲಾ ಎಷ್ಟ ತುಂಬೈತಿ. ಎಡಕ್ಕ ಒಂದ ಸೈಕಲ್ ಹೊಂಟೈತಿ, ಪಾಪ, ಹಿಂದ ಮೇವಿನ ಹೊರಿ. ಅಯ್ಯ, ಈ ಮೋಟರ್ ಸೈಕಲ್‌ನಾಂವ ಬಲಕ್ಕ ಬಂದು ಮೈಮ್ಯಾಲೇ ಬೀಳ್ತಾನ ನೋಡ್ರಿ."

ಹಿಂದೆ ಕೂತವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. "ಮುರಗೆಪ್ಪಣ್ಣ, ನಿನ್ನ ಕಿವಿ ಹೆಂಗ ಉಳದಾವೋ ಮಾರಾಯ?" ಎಂದು ಕೇಳಿದರೆ ಮುರಗೆಪ್ಪ ಮೀಸೆಯೊಳಗೇ ನಗುತ್ತಿದ್ದ. "ಕಿವಿ ಅದಾವಂತ ಗಾಡಿ ಹೊಡ್ಯಾಕತ್ತೇನಿ," ಅನ್ನುತ್ತಿದ್ದ.

ಎಲ್ಲರೂ ಅದನ್ನು ಚೇಷ್ಟೆ ಎಂದುಕೊಂಡರು. ಅದು ಚೇಷ್ಟೆಯಲ್ಲ ಎಂದು ಆ ಜೀಪಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಮಾದೇವಿ ಹುಟ್ಟಾ ಮಾತಿನವಳಲ್ಲ. ಸೊಸೆಯಾಗಿ ಬಂದಾಗ ಅತ್ತೆ, "ಇದಕ್ಕ ಬಾಯಿ ಐತೋ ಇಲ್ಲೋ," ಎಂದು ನೆರೆಯವರ ಮುಂದೆ ಅನುಮಾನ ಪಟ್ಟಿದ್ದಳಂತೆ. ರೊಟ್ಟಿ ಬಡಿಯುವಾಗ ಬಳೆಯ ಸದ್ದು, ಅಷ್ಟೇ ಅವಳದು. ಆ ಮಾದೇವಿಯನ್ನು ಊರು ಈಗ ಮರೆತಿದೆ.

ಮುರಗೆಪ್ಪ ಮಾತ್ರ ಹುಟ್ಟಾ ಡ್ರೈವರ್. ಹೊಳೆದಂಡೆಯ ಕಬ್ಬನ್ನು ಎರಡು ಟ್ರೇಲರಿನ ತುಂಬ ಹೇರಿಕೊಂಡು ಬಾಡಗಂಡಿಯ ಸಕ್ಕರೆ ಫ್ಯಾಕ್ಟರಿಗೆ ಹೊಡೆಯುತ್ತ ವಯಸ್ಸು ಕಳೆದವನು. ರೈತರು ತಾವೇ ಕೂಡಿ ಹೊಳೆಗೆ ಬ್ಯಾರೇಜು ಕಟ್ಟಿದಾಗ ಬಾಡಿಗೆ ಕೇಳದೆ ಕಲ್ಲು ಹೇರಿದವನು. ಟ್ರ್ಯಾಕ್ಟರಿನ ದನಿ ಎಲ್ಲಿ ಬಿಗಿಯಿತು, ಎಲ್ಲಿ ಸಡಿಲಾಯಿತು ಎಂಬುದರ ಮೇಲೆ ಏರು ಇಳಿತ ಹೇಳುತ್ತಿದ್ದ. ಎದುರಿನ ಟ್ರ್ಯಾಕ್ಟರಿನ ಟೇಪಿನಲ್ಲಿ ಹಾಡುವ ಪದ ಕೇಳಿ, ಬರುವವನು ಯಾರು ಎಂದು ಹೆಸರು ಹೇಳುತ್ತಿದ್ದ. ಆ ಕಿವಿಯೇ ಅವನನ್ನು ಕಾಯ್ದದ್ದು. ಮನೆಯವರ ಕಣ್ಣಿಗೆ ಮಣ್ಣೆರಚಿದ್ದೂ ಅದೇ.

ಮಾದೇವಿಗೆ ಗೊತ್ತಾದದ್ದು ಒಂದು ಬಟ್ಟಲು ಚಹಾದಿಂದ. ಒಂದು ಮುಂಜಾನೆ ಅವನು ಪಡಸಾಲೆಯಲ್ಲಿ ಕೂತು ಪೇಪರು ಓದುತ್ತಿದ್ದ. ಅವಳು ಬಲಗಡೆಯಿಂದ ಬಂದು ಬಟ್ಟಲು ಚಾಚಿ ನಿಂತಳು. ಅವನು ತಗೊಳ್ಳಲಿಲ್ಲ. ಸಿಟ್ಟು ಬಂದಿರಬೇಕು ಅಂದುಕೊಂಡು ಹಾಗೇ ನಿಂತಳು. ಕೈ ಸೋತು ಬಟ್ಟಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಾಗ ಬಳೆ ಸದ್ದಾಯಿತು. ಅವನು ಬೆಚ್ಚಿ ಬಿದ್ದು ಕೈ ಬೀಸಿದ. ಚಹಾ ಎಲ್ಲ ಪೇಪರಿನ ಮೇಲೆ ಚೆಲ್ಲಿತು.

ಅಂದಿನಿಂದ ಅವಳು ನೋಡುತ್ತ ಹೋದಳು. ದೂರದ ವಿದ್ಯುತ್ ಕಂಬದ ಮೇಲೆ ಕೂತ ಕಾಗೆ ಅವನಿಗೆ ಕಾಣುತ್ತಿತ್ತು. ಕಾಲ ಪಕ್ಕದಲ್ಲಿ ಮಲಗಿದ ನಾಯಿ ಕಾಣುತ್ತಿರಲಿಲ್ಲ. ಪೇಪರಿನ ಸಣ್ಣ ಅಕ್ಷರ ಕಾಣುತ್ತಿತ್ತು. ಪಕ್ಕದ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯುತ್ತಿತ್ತು. ಒಲೆ ಊದುವ ಊದುಗೊಳವೆಯೊಳಗಿಂದ ಲೋಕ ನೋಡಿದ ಹಾಗೆ, ನೆಟ್ಟಗೆ ಎದುರಿಗೆ ಇದ್ದಷ್ಟೇ ಅವನದು. ಆಚೆ ಈಚೆ ಎಲ್ಲ ಕತ್ತಲೆ.

ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. ದೇವರ ಜಗುಲಿಯ ಮುಂದೆ ಅವಳನ್ನು ಕರೆದೊಯ್ದು ವಿಭೂತಿ ಗಟ್ಟಿ ಮುಟ್ಟಿಸಿದ.

"ಯಾರ ಮುಂದೂ ಬಾಯಿ ಬಿಡಂಗಿಲ್ಲ. ಮಗ ಶಿವಯೋಗಿ ಮುಂದೂ ಬಿಡಂಗಿಲ್ಲ."

"ದವಾಖಾನಿಗಿ ಹೋಗೂಣು ನಡೀರಿ. ಏನರ ಔಷಧ ಇದ್ದೀತು."

"ಡಾಕ್ಟರ್ ಔಷಧ ಆಮ್ಯಾಲ ಕೊಡ್ತಾನ, ಮೊದಲ ಗಾಡಿ ಬಿಡಸ್ತಾನ. ನನ್ನ ಕೈಯಾಗಿನ ಸ್ಟೇರಿಂಗ್ ಕಸಗೊಂಡ್ರ ನಾ ಹೊರಸಿನ ಮ್ಯಾಲಿನ ಹೆಣಾ ಇದ್ದಂಗ. ಆಣಿ ಮಾಡು."

ಅವಳು ಆಣೆ ಮಾಡಿದಳು. ಉಡಿಯಲ್ಲಿ ಕೆಂಡ ಕಟ್ಟಿಕೊಂಡಳು ಎಂದರೂ ಆದೀತು. ಮರುದಿನ ಜೀಪಿನಲ್ಲಿ ಅವನ ಪಕ್ಕ ಕೂತು, ಮಾತಾಡಿ ರೂಢಿಯಿಲ್ಲದ ಆ ಹೆಂಗಸು ಎಮ್ಮೆ, ಸೈಕಲ್ಲು, ಬಂಡಿ ಎಂದು ಕಂಡದ್ದನ್ನೆಲ್ಲ ಹೇಳತೊಡಗಿದಳು. ಗಂಟಲು ಕಟ್ಟಿದರೆ ಸಂಜೆ ಅರಿಸಿನ ಹಾಲು ಕುಡಿಯುತ್ತಿದ್ದಳು. ತಾನು ಜೊತೆಗಿಲ್ಲದೆ ಜೀಪು ಹೊರಡದ ಹಾಗೆ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಜ್ವರ ಬಂದಾಗ ಜೀಪಿನ ಬೀಗದ ಕೈಯನ್ನು ಜೋಳದ ಡಬ್ಬಿಯಲ್ಲಿ ಹುಗಿದು, ಕಳೆದುಹೋಯಿತು ಅಂದಳು.

ಹೀಗೆ ನಡೆದಿತ್ತು. ಅಷ್ಟರಲ್ಲಿ ಮಗ ಶಿವಯೋಗಿ ಕರೆಂಟಿನ ಕಾರಿನ ಮಾತು ತೆಗೆದ.

ಮೊಮ್ಮಗಳು ಸೌಂದರ್ಯಾಳನ್ನು ಜಮಖಂಡಿಯ ಸಾಲೆಗೆ ಹಚ್ಚುವುದೆಂದು ಮನೆಯಲ್ಲಿ ಗಟ್ಟಿಯಾಗಿತ್ತು. ದಿನಾ ಕರೆದುಕೊಂಡು ಹೋಗಿ ಕರೆದುಕೊಂಡು ಬರುವವರು ಯಾರು? ಶಿವಯೋಗಿ ತಡಮಾಡಲಿಲ್ಲ. "ಅಪ್ಪ ಅದಾನಲ್ಲ. ಅಪ್ಪನಂಗ ಗಾಡಿ ಹೊಡ್ಯಾವ್ರು ಈ ತಾಲೂಕಿನಾಗ ಯಾರದಾರ?"

ಮುರಗೆಪ್ಪನ ಎದೆ ಉಬ್ಬಿತು. ಮಾದೇವಿಯ ಎದೆ ಕುಸಿಯಿತು.

"ನಾನೂ ದಿನಾ ಜೋಡಿ ಹೊಕ್ಕೀನಿ," ಅಂದಳು.

ಸೊಸೆ ರಾಜೇಶ್ವರಿ ನಕ್ಕಳು. "ಅತ್ತಿ, ನೀವು ದಿನಾ ಹೋದ್ರ ಎಮ್ಮಿ ಹಿಂಡಾವ್ರು ಯಾರ್ರೀ? ಮತ್ತ ಆ ಕೂಸು ಸಾಲ್ಯಾಗ ಪಾಠಾ ಕೇಳೂದು ಬ್ಯಾಡೇನು? ನಿಮ್ಮ ಮಾತು ಕೇಳೇ ಅದರ ಕಿವಿ ತುಂಬಿರ್ತಾವ."

ಎಲ್ಲರೂ ನಕ್ಕರು. ಮಾದೇವಿಯೂ ನಗಬೇಕಾಯಿತು. ಅಂದಿನಿಂದ ಅವಳಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಗಂಡನ ಕೈಯಿಂದ ಗಾಡಿ ಬಿಡಿಸಿದರೆ ಅವನು ಉಳಿಯುವುದಿಲ್ಲ. ಬಿಡಿಸದಿದ್ದರೆ ಕೂಸು ಅವನ ಪಕ್ಕ ಒಂಟಿಯಾಗಿ ಕೂಡುತ್ತದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?

ಕಬ್ಬು ಕಡಿಯುವ ಹಂಗಾಮು. ಒಂದು ಮುಂಜಾನೆ ಹೊಸ ಗಾಡಿ ಹೊಡೆದು ನೋಡಲು ಜೀಪಿನಲ್ಲಿ ಜಮಖಂಡಿಗೆ ಹೊರಟರು. ಶೋರೂಮಿನ ಅಂಗಳದಲ್ಲಿ ಕಾರು ಬೆಳ್ಳಗೆ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ನಿಂತಿತ್ತು. ಗಾಡಿ ತೋರಿಸಲು ಬಂದವನು ಗೌರೀಶ ಎಂಬ ತರುಣ, ನಗುಮುಖದವನು.

ಮುರಗೆಪ್ಪ ಗಾಡಿಯ ಸುತ್ತ ಕೈಯಾಡಿಸುತ್ತ ಒಂದು ಸುತ್ತು ಬಂದ. ನೋಡಿದವರಿಗೆ ಅದು ಮುದ್ದು. ಮಾದೇವಿಗೆ ಗೊತ್ತಿತ್ತು, ಅವನು ಗಾಡಿಯ ಅಗಲವನ್ನು ಕೈಯಿಂದ ಕಲಿಯುತ್ತಿದ್ದ.

"ಗಾಲಿ ಬುಡಕ ನಿಂಬಿಹಣ್ಣ ಇಡ್ರಿ," ಅಂದ.

"ಕಾಕಾರ, ಇದು ಬರೇ ಟೆಸ್ಟ್ ಡ್ರೈವ್. ಗಾಡಿ ತಗೊಂಡ ದಿನ ನಿಂಬಿಹಣ್ಣ, ತೆಂಗಿನಕಾಯಿ, ಹೂವಿನ ಹಾರ, ಎಲ್ಲಾ ನಮ್ಮದ," ಎಂದು ಗೌರೀಶ ನಕ್ಕ.

ಮಾದೇವಿ ಮುಂದಿನ ಬಾಗಿಲು ತೆಗೆಯಲು ಹೋದಳು. ಗೌರೀಶ ಅಡ್ಡ ಬಂದ. "ಅವ್ವಾರ, ನೀವು ಹಿಂದ. ಡ್ರೈವ್ ಕೊಡೂವಾಗ ಮುಂದ ನಾವ ಕೂಡಬೇಕ್ರಿ, ರೂಲ್ಸ್ ಐತಿ."

"ನನಗ ಹಿಂದ ಕುಂತ್ರ ಹೊಟ್ಟಿ ತೊಳಸ್ತೈತಪಾ."

"ಇದ್ರಾಗ ತೊಳಸಂಗಿಲ್ರಿ, ತೊಟ್ಟಲಾ ಇದ್ದಂಗ ಐತಿ."

ಶಿವಯೋಗಿ ತಾಯಿಯ ರಟ್ಟೆ ಹಿಡಿದು ಹಿಂದೆ ಕೂಡಿಸಿದ. ನಡುವೆ ಸೌಂದರ್ಯಾ, ಆಚೆ ಅವನು. ರಾಜೇಶ್ವರಿ ಮನೆಯಲ್ಲೇ ಉಳಿದಿದ್ದಳು.

"ಚಾಲೂ ಮಾಡ್ಲ್ಯಾ?" ಮುರಗೆಪ್ಪ ಕೇಳಿದ.

"ಚಾಲೂನ ಐತ್ರಿ ಕಾಕಾರ."

ಮುರಗೆಪ್ಪ ಕಿವಿ ವಾರೆ ಮಾಡಿದ. ಏನೂ ಇಲ್ಲ. ಹೆಣದ ಮೂಗಿನ ಹತ್ತಿರ ಕೈ ಹಿಡಿದು ಉಸಿರು ಹುಡುಕುವವರ ಹಾಗೆ ಸ್ವಲ್ಪ ಹೊತ್ತು ಕಾಯ್ದ. ಆಮೇಲೆ ಕಾಲಿಟ್ಟ. ಗಾಡಿ ನೀರಿನ ಮೇಲೆ ಎಲೆ ಹೋದ ಹಾಗೆ ಹೊರಟಿತು.

"ನಮ್ಮೂರ ದಾರಿನ ಹಿಡೀತೀನಿ," ಅಂದ. ಯಾಕೆಂದು ಮಾದೇವಿಗೆ ತಿಳಿಯಿತು. ಆ ದಾರಿಯ ತಿರುವು, ಕಂಬ, ಗುಂಡಿ ಅವನಿಗೆ ಬಾಯಿಪಾಠ. ಆದರೆ ಆ ಪಾಠ ಸದ್ದಿನದು. ಈಗ ಗಾಜುಗಳೆಲ್ಲ ಮೇಲೆ ಏರಿದ್ದವು. ತಂಪು ಗಾಳಿ ಬೀಸುತ್ತಿತ್ತು. ಹೊರಗೆ ಕಬ್ಬಿನ ಟ್ರ್ಯಾಕ್ಟರು ಎದುರು ಬಂದು ದಾಟಿದರೂ ಒಳಗೆ ಸಣ್ಣಗೆ ಗುಂಯ್ ಎಂದಷ್ಟೇ.

ಜಮಖಂಡಿ ದಾಟಿ ಕಬ್ಬಿನ ಹೊಲಗಳು ಶುರುವಾದವು. ರಸ್ತೆಯ ಎರಡೂ ಬದಿ ಆಳೆತ್ತರದ ಕಬ್ಬು. ಮಾದೇವಿ ಬಾಯಿ ಬಿಟ್ಟಳು.

"ಬಲಕ್ಕ ಬಂಡಿ ನಿಂತೈತಿ ನೋಡ್ರಿ, ಎತ್ತು ಬಿಟ್ಟಾರ. ಎಡಕ್ಕ ಮುದುಕ ಹೊಂಟಾನ, ಕೋಲ ಹಿಡದು..."

"ಅವ್ವಾರಿಗಿ ಗಾಡಿ ಪಸಂದ ಬಿದ್ದೈತಿ," ಗೌರೀಶ ಹಿಂದೆ ತಿರುಗಿ ಅಂದ.

"ಅವ್ವಾ, ಒಂದೀಟ ಗಪ್ಪ ಕೂಡಬೇ," ಶಿವಯೋಗಿ ಅಂದ. "ಅವ್ರು ಗಾಡಿ ಬಗ್ಗೆ ಹೇಳಾಕತ್ತಾರ."

ಕೋಲು ಹಿಡಿದ ಮುದುಕ ಕಾರು ಮೊಣಕೈಗೆ ತಾಗುವಷ್ಟು ಹತ್ತಿರ ಬಂದ ಮೇಲೆ ಕಂಡು ಗಟಾರಿಗೆ ಹಾರಿದ. ಬೈಯಲು ಅವನ ಬಾಯಿ ತೆರೆದದ್ದು ಕಂಡಿತು, ಬೈಗುಳ ಕೇಳಿಸಲಿಲ್ಲ. ಮುರಗೆಪ್ಪನಿಗೆ ಮುದುಕನೂ ಕಾಣಲಿಲ್ಲ. ಅವನು ಎದುರಿನ ಡಾಂಬರನ್ನೇ ನೋಡುತ್ತಿದ್ದ. ಕುತ್ತಿಗೆಯ ಹಿಂದೆ, ತಂಪು ಗಾಳಿಯಲ್ಲೂ, ಬೆವರು ಸಾಲುಗಟ್ಟಿತ್ತು.

"ಹಾಡ ಹಚ್ಚು ಮಾಮಾ," ಎಂದು ಸೌಂದರ್ಯಾ ಗೌರೀಶನನ್ನು ಕೇಳಿದಳು. ಅವನು ಹಾಡು ಹಚ್ಚಿದ. ನಾಲ್ಕೂ ಬಾಗಿಲಿನಿಂದ ಹಾಡು ಸುರಿಯಿತು.

ಆಗ ಮಾದೇವಿಗೆ ಕಂಡದ್ದು ಎಡಗಡೆಯ ಕಬ್ಬಿನ ನಡುವಿನ ದಾರಿ. ಅಲ್ಲಿಂದ ಕುರಿ ಹೊರಬೀಳುತ್ತಿದ್ದವು.

"ಎಡಕ್ಕ ಕುರಿ! ಎಡಕ್ಕ ಕುರಿ ನೋಡ್ರಿ!"

ಹಾಡು ಅವಳ ಮಾತನ್ನು ನುಂಗಿತು. ಕುರಿ ಡಾಂಬರಿಗೆ ಇಳಿದವು. ಅವುಗಳ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿಗಾರ ಹೆಂಗಸು ಹೊಳೆವ್ವ, ಮುಂದಿನ ಟಗರನ್ನು ತಿರುಗಿಸಲು ರಸ್ತೆಗೆ ಓಡಿ ಬಂದಳು. ಅವಳ ಬೆನ್ನು ಕಾರಿನ ಕಡೆಗಿತ್ತು. ಹಿಂದಿನಿಂದ ಏನೋ ಬರುತ್ತಿದೆ ಎಂದು ಅವಳ ಕಿವಿಗೆ ಯಾರೂ ಹೇಳಲಿಲ್ಲ.

ಕಾರು ಕಿಂಯ್ ಎಂದು ಕಿರುಚಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ಸೌಂದರ್ಯಾಳ ಹಣೆ ಮುಂದಿನ ಸೀಟಿಗೆ ಬಡಿಯಿತು. ಗಾಡಿ ನಿಂತಿತು. ಹೊಳೆವ್ವನ ಕಂಬಳಿಯ ಅಂಚು ಕಾರಿನ ಮೂಗಿನ ಮೇಲೆ ಬಿದ್ದಿತ್ತು.

ಮಾದೇವಿ ಎರಡು ಸೀಟಿನ ನಡುವಿನಿಂದ ಗಂಡನ ಕಾಲು ನೋಡಿದಳು. ಆ ಕಾಲು ಬ್ರೇಕಿನ ಮೇಲೆ ಹೋಗಿರಲೇ ಇಲ್ಲ.

ಗೌರೀಶ ಹಾಡು ನಿಲ್ಲಿಸಿ ಗಾಜು ಇಳಿಸಿದ. ಹೊಳೆವ್ವ ಕಿಟಕಿಗೆ ಬಂದಳು.

"ಯಾರ ಮುರಗೆಪ್ಪಣ್ಣನ? ನೀ ಹಿಂಗ ಕಳ್ಳರ ಗತೆ ಬರ್ತೀಯಂತ ತಿಳದಿದ್ದಿಲ್ಲೋ ಯಪ್ಪಾ. ಹಾವರೆ ಸರಸರ ಅಂತೈತಿ, ಇದು ಅದನ್ನೂ ಅನ್ನಂಗಿಲ್ಲ. ಬೀರಪ್ಪ ದೇವ್ರು ಕಾದ ಇವತ್ತ, ಇಲ್ಲಂದ್ರ ನನ್ನ ಕುರಿ ನನ್ನ ಹೆಣಾ ಕಾಯ್ತಿದ್ದೂ."

"ತಪ್ಪಾತವ್ವ," ಮುರಗೆಪ್ಪ ಅಂದ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಗೌರೀಶನ ಮುಖವೂ ಬಿಳಿಚಿತ್ತು. ಆದರೆ ಅವನು ಬಲು ಬೇಗ ನಗು ಕೂಡಿಸಿಕೊಂಡ. "ನೋಡಿದ್ರೇನ್ರಿ? ಕಾಕಾ ಬ್ರೇಕ್ ಹಾಕೂದ್ರಾಗ ಗಾಡಿ ತಾನ ಹಾಕ್ತು. ಇದಕ್ಕ ಕಣ್ಣ ಅದಾವ್ರಿ."

ಶಿವಯೋಗಿ ಮಗಳ ಹಣೆ ಒರೆಸುತ್ತ ನಿಟ್ಟುಸಿರು ಬಿಟ್ಟ. "ಇಂಥಾದ ಬೇಕು ನೋಡಪಾ ಅಪ್ಪಾ."

"ಕಣ್ಣದಾವೇನು?" ಮುರಗೆಪ್ಪ ಮೆಲ್ಲಗೆ ಕೇಳಿದ.

ಮಾದೇವಿ ನಡುವಿನ ಕನ್ನಡಿಯಲ್ಲಿ ಅವನ ಮುಖ ಕಂಡಳು. ಅವನು ನಗುತ್ತಿದ್ದ. ಬಹಳ ದಿನದ ಮೇಲೆ ಭಾರ ಇಳಿಸಿದವನ ನಗು. ಕುರಿ ಕಂಡಾಗ ಆಗದ ಭಯ ಆ ನಗು ಕಂಡು ಆಯಿತು. ಅವನಿಗೆ ಬೇಕಾದ್ದು ಸಿಕ್ಕಿತ್ತು. ಯಾರಿಗೂ ಬಾಯಿಬಿಡದ ಕಣ್ಣು, ಆಣೆ ಮಾಡಿಸಬೇಕಿಲ್ಲದ ಕಣ್ಣು.

"ತಮ್ಮಾ," ಎಂದು ಅವಳು ಗೌರೀಶನನ್ನು ಕೇಳಿದಳು, "ಬಾಜೂಕಿಂದ ಬಂದದ್ದನ್ನೂ ಎಲ್ಲಾ ನೋಡ್ತೈತೇನು?"

"ಎಲ್ಲಾ ಅದ ನೋಡಿದ್ರ ಡ್ರೈವರ್ ಯಾಕ ಬೇಕ್ರಿ ಅವ್ವಾರ? ಇದು ಬರೇ ಆಸರಕ್ಕ. ಹೊಡ್ಯಾವ್ರ ಕಣ್ಣ ನೆಟ್ಟಗ ಇರಬೇಕಲ್ರಿ."

ಮಾದೇವಿ ಗಂಡನ ಕಡೆ ನೋಡಿದಳು. ಅವನು ಆ ಮಾತು ಕೇಳಿಸದವನ ಹಾಗೆ ಗಾಡಿ ತಿರುಗಿಸಲು ಹೊರಟಿದ್ದ.

"ನಿಂದ್ರೋ! ಮರಿ ಐತಿ ಗಾಲಿ ಬುಡಕ!" ಹೊಳೆವ್ವ ಕೂಗಿದಳು. ಬಲಗಡೆಯ ಹಿಂದಿನ ಗಾಲಿಗೆ ಒತ್ತಿಕೊಂಡು ಒಂದು ಕರಿ ಮರಿ, ಆಗಷ್ಟೇ ನಡೆಯಲು ಕಲಿತದ್ದು, ನೆರಳು ಹುಡುಕಿ ಮಲಗಿತ್ತು. ಗಾಜು ತೆರೆದಿದ್ದರಿಂದ ಮುರಗೆಪ್ಪ ಕೂಗು ಕೇಳಿ ನಿಲ್ಲಿಸಿದ. ಹೊಳೆವ್ವ ಬಗ್ಗಿ ಮರಿಯನ್ನು ಎಳೆದುಕೊಂಡಳು. ಮಾದೇವಿ ಸ್ಟೇರಿಂಗಿನ ಮುಂದಿನ, ಟಿ.ವಿ.ಯಂಥ ಪರದೆ ನೋಡಿದಳು. ಮರಿಯ ಬಗ್ಗೆ ಗಾಡಿ ಏನೂ ಅಂದಿರಲಿಲ್ಲ.

ವಾಪಸ್ಸು ಬರುವಾಗ ಅವಳು ಹಾಡು ಹಚ್ಚಗೊಡಲಿಲ್ಲ, ಗಾಜು ಏರಿಸಗೊಡಲಿಲ್ಲ. ಹೊಟ್ಟೆ ತೊಳಸುತ್ತದೆ ಅಂದಳು. ಜಮಖಂಡಿ ಮುಟ್ಟುವವರೆಗೆ ಉಸಿರು ಬಿಡದೆ ಮಾತಾಡಿದಳು. ಎಡಕ್ಕ, ಬಲಕ್ಕ, ಎಡಕ್ಕ. ಮಗ ಹಲ್ಲು ಕಡಿದ. ಅವಳು ಲೆಕ್ಕಿಸಲಿಲ್ಲ. ಇದು ಕಡೆಯ ಸಲ ಎಂದು ಆ ಮಾತಿನ ನಡುವೆಯೇ ಅವಳು ಗಟ್ಟಿ ಮಾಡಿಕೊಂಡಿದ್ದಳು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಶೋರೂಮಿನ ಅಂಗಳದಲ್ಲಿ ಗಾಡಿ ನಿಂತಿತು. ಶಿವಯೋಗಿ ಇಳಿದವನೇ, "ಇದ ಗಾಡಿ. ಮುಗೀತು," ಅಂದ. ಸೌಂದರ್ಯಾ ಹಾರಿ ಮುಂದಿನ ಸೀಟಿಗೆ ಹೋಗಿ ಕೂತಳು. ಹಣೆಯ ಮೇಲೆ ಅಡಿಕೆಯಷ್ಟು ಬಾವು ಎದ್ದಿತ್ತು. "ಸಾಲಿಗಿ ಹೋಗೂವಾಗ ನಾ ಇಲ್ಲೇ ಕೂಡಾಕಿ. ನಾವಿಬ್ರ. ಹೌದಿಲ್ಲ ಮುತ್ಯಾ?"

"ಹೌದ ನನ್ನ ಬಂಗಾರಾ, ನಾವಿಬ್ರ," ಮುರಗೆಪ್ಪ ಅಂದ. ಅವನು ಸ್ಟೇರಿಂಗ್ ಬಿಟ್ಟು ಎದ್ದಿರಲಿಲ್ಲ. ಎದುರಿನ ಪರದೆಯನ್ನು ನೋಡುತ್ತ ಕೂತಿದ್ದ.

ಶೋರೂಮಿನವನೊಬ್ಬ ಚಹಾದ ಬಟ್ಟಲುಗಳ ತಾಟು ತಂದ. ಮಾದೇವಿ ಅದರಿಂದ ಒಂದು ಎತ್ತಿಕೊಂಡಳು. ಆಗ ಅವಳ ಕೈ ತಡೆಯಿತು. ಬಟ್ಟಲನ್ನು ಮತ್ತೆ ತಾಟಿನಲ್ಲಿಟ್ಟು, ಹಿಟ್ಟು ನಾದುವ ಮುಂಚೆ ಮಾಡುವಂತೆ, ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈಯವರೆಗೆ ಬಿಗಿಯಾಗಿ ಏರಿಸಿದಳು. ಒಂದೂ ಅಲುಗದ ಹಾಗೆ. ಬರಿ ಮಣಿಕಟ್ಟು ನೋಡಿ ಅವಳಿಗೇ ಮೈ ಜುಮ್ಮೆಂದಿತು. ಬಟ್ಟಲು ಎತ್ತಿಕೊಂಡು, ಚಪ್ಪಲಿ ಬಿಟ್ಟು, ಗಾಡಿಯ ಬಲಗಡೆಗೆ ನಡೆದಳು. ಗಾಜು ಇಳಿದಿತ್ತು. ಕಿಟಕಿಯೊಳಗೆ, ಗಂಡನ ಬಲ ಭುಜದ ಪಕ್ಕಕ್ಕೆ, ಬಟ್ಟಲು ಚಾಚಿದಳು.

ನಿಂತಳು. ಮಾತಾಡಲಿಲ್ಲ.

ಹಬೆ ಅವನ ಕಿವಿಯ ಹತ್ತಿರ ಸುಳಿಯಿತು. ಅವನು ಪರದೆ ನೋಡುತ್ತಲೇ ಇದ್ದ.

ಎದುರಿಗೆ ನಿಂತ ಶಿವಯೋಗಿ ನಕ್ಕ. "ಅಪ್ಪಾ, ಚಾ ತಗೋ. ಅವ್ವ ತಂದಾಳ."

"ಎಲ್ಲಿ ತಂದಾಳ?" ಮುರಗೆಪ್ಪನೂ ನಕ್ಕ. "ನಿಮ್ಮವ್ವ ಬಂದಿದ್ರ ಬಾಯಿ ಕೇಳ್ತಿದ್ದಿಲ್ಲೇನು?"

ಶಿವಯೋಗಿಯ ನಗು ಮುಖದ ಮೇಲೆಯೇ ಒಣಗಿತು. ತಂದೆಯನ್ನು ನೋಡಿದ, ತಂದೆಯ ಭುಜದ ಪಕ್ಕ ನಿಂತ ತಾಯಿಯನ್ನು ನೋಡಿದ. ಗೌರೀಶ ಬಾಯಿಗೆ ಹಿಡಿದ ಬಟ್ಟಲು ಕೆಳಗಿಳಿಸಿದ. ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾಡುತ್ತ ದೂರ ಹೋಯಿತು.

"ಮುತ್ಯಾ," ಸೌಂದರ್ಯಾ ಅಂದಳು, "ಆಯಿ ನಿನ್ನ ಬಾಜೂಕ ಅದಾಳ."

ಮುರಗೆಪ್ಪ ಎಡಕ್ಕೆ ತಿರುಗಿದ. ಅಲ್ಲಿ ಮೊಮ್ಮಗಳು. ಆಮೇಲೆ, ತಿರುಗದೆಯೇ, ಬಲಗೈಯನ್ನು ನಿಧಾನ ಗಾಳಿಯಲ್ಲಿ ಚಾಚಿದ. ಬೆರಳು ಮಾದೇವಿಯ ಬರಿ ಮಣಿಕಟ್ಟಿಗೆ ತಾಗಿದವು. ಮೇಲಕ್ಕೆ ತಡವುತ್ತ ಹೋಗಿ ಬಿಗಿದ ಬಳೆಗಳನ್ನು ಮುಟ್ಟಿದವು. ಅಲ್ಲೇ ನಿಂತವು. ಅವನಿಗೆ ತಿಳಿಯಿತು.

ಚಹಾ ತಗೊಳ್ಳಲಿಲ್ಲ. ಬಾಗಿಲು ತಡವಿ ತೆಗೆದು ಇಳಿದ.

ಊರಿಗೆ ಜೀಪನ್ನು ಶಿವಯೋಗಿಯೇ ಹೊಡೆದ. ಮುಂದೆ ಅವನ ಪಕ್ಕ ಸೌಂದರ್ಯಾ. ಗಂಡ ಹೆಂಡತಿ ಹಿಂದೆ ಎದುರುಬದುರು ಕೂತರು. ಕಬ್ಬಿನ ಹೊಲಗಳು ಬಂದವು.

"ಆಣಿ ಮುರದಿ," ಮುರಗೆಪ್ಪ ಅಂದ.

"ಬಾಯಿ ಬಿಟ್ಟಿಲ್ರಿ," ಮಾದೇವಿ ಅಂದಳು.

ಅವನು ಮುಖ ಹೊರಗೆ ತಿರುಗಿಸಿದ. ಅಷ್ಟು ಹೊತ್ತಿನಲ್ಲೇ ಅವನ ಮೈ ಇಳಿದುಹೋಗಿತ್ತು, ಅಂಗಿಯೊಳಗೆ ಬೇರೆ ಯಾರೋ ಮುದುಕ ಕೂತ ಹಾಗಿತ್ತು. ಮಾದೇವಿ ಮೆಲ್ಲಗೆ ಬಳೆ ಇಳಿಸಿದಳು. ಆ ಸದ್ದಿಗೆ ಅವನ ಮುಖ ಒಂದು ಗಳಿಗೆ ಇತ್ತ ಬಂದು, ಮತ್ತೆ ಅತ್ತ ಹೋಯಿತು.

ಹೊಳೆವ್ವನ ಕುರಿ ದಾಟಿದ ಜಾಗ ಬಂತು. ಆಗ ಹಿಂದಿನಿಂದ ಆ ಬಿಳಿ ಕಾರು ಬಂದು ಜೀಪಿನ ಬದಿಗೇ ಹಾದುಹೋಗತೊಡಗಿತು. ಈಗ ಅದನ್ನು ಹೊಡೆಯುತ್ತಿದ್ದವನು ಬೇರೆ ಯಾರೋ ನರೆಗೂದಲಿನವನು. ಪಕ್ಕದಲ್ಲಿ ಗೌರೀಶ. ಮುರಗೆಪ್ಪ ತಿರುಗಲಿಲ್ಲ, ಅವನಿಗೆ ಅದು ಕೇಳಿರಲೇ ಇಲ್ಲ. ಮಾದೇವಿ ಹೇಳಲಿಲ್ಲ. ಅವಳು ಕಾರಿನ ಹಿಂದಿನ ಸೀಟನ್ನು ನೋಡುತ್ತಿದ್ದಳು. ಮುಚ್ಚಿದ ಗಾಜಿನ ಆಚೆ ಸೆರಗು ಹೊದ್ದ ಒಬ್ಬ ಹೆಂಗಸು ಮುಂದಕ್ಕೆ ಬಾಗಿ ಕೂತಿದ್ದಳು. ಕಣ್ಣು ರಸ್ತೆಯ ಮೇಲೆ. ಕೈ ಎಡಕ್ಕೆ ತೋರಿಸಿತು, ಬಲಕ್ಕೆ ತೋರಿಸಿತು. ಬಾಯಿ ಬಿಡುವಿಲ್ಲದೆ ಆಡುತ್ತಿತ್ತು.

ಮಾತು ಮಾತ್ರ ಹೊರಗೆ ಬರುತ್ತಿರಲಿಲ್ಲ. ಕಾರು ಕಬ್ಬಿನ ನಡುವೆ ಹೊಳೆಯ ಕಡೆಗೆ ಹೋಯಿತು.